ಸಾದಾ ಖಾನೆ

ಇದನ್ನು ಯಾರ ಹತ್ತಿರವೂ ಹೇಳಿಲ್ಲ, ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ: ನನ್ನಿಂದ ಯಾರಿಗೂ ಏನೂ ಅಂಟುವುದಿಲ್ಲವೇನೋ ಎಂಬ ಚಿಂತೆ ಈಚೆಗೆ ನನ್ನನ್ನು ಕಾಡುತ್ತಿದೆ. ನೆಗಡಿಯ ಮಾತಲ್ಲ, ಗುಣದ ಮಾತು.

ನಮ್ಮೂರಿನಲ್ಲಿ ತೇವದ ತಿಂಗಳು ಬಂತೆಂದರೆ ಗೋಡೆಗಳು ಬೆವರುತ್ತವೆ, ಉಪ್ಪಿನ ಜಾಡಿಯಲ್ಲಿ ನೀರು ನಿಲ್ಲುತ್ತದೆ, ಮನೆಯಲ್ಲಿಟ್ಟ ಜಪಸರದ ದಾರ ನೋಡನೋಡುತ್ತ ಕೊಳೆತು ಮಣಿಗಳು ಮಂಚದ ಕೆಳಗೆಲ್ಲ ಉರುಳಾಡುತ್ತವೆ. ಅದಕ್ಕೇ ಊರಿನವರೆಲ್ಲ ತಮ್ಮ ತಮ್ಮ ಸರಗಳನ್ನು ಹೊಳೆದಂಡೆಯ ಸರದ ಮನೆಗೆ ತಂದುಕೊಡುತ್ತಾರೆ. ಅಲ್ಲಿ ಅವನ್ನು ತೊಳೆದು, ಒರೆಸಿ, ಹೊಸ ದಾರಕ್ಕೆ ಪೋಣಿಸಿ, ಗೋಡೆಯಷ್ಟು ದೊಡ್ಡ ಬೀಟೆಮರದ ಕಪಾಟಿನಲ್ಲಿ ತಿಂಗಳು ಮುಗಿಯುವವರೆಗೆ ಇಡುತ್ತಾರೆ. ಒಂದು ಖಾನೆಗೆ ಎರಡು ಸರ. ಒಂಟಿಯಾಗಿ ಇಟ್ಟರೆ ಸರ ಬೆಳಗಾಗುವುದರೊಳಗೆ ತನಗೆ ತಾನೇ ಗಂಟು ಹಾಕಿಕೊಂಡಿರುತ್ತದೆ. ಬಿಡಿಸಲು ಹೋದವರ ಉಗುರು ಮುರಿಯುತ್ತದೆ. ಜೋಡಿಯಾಗಿಟ್ಟರೆ ತೆಪ್ಪಗೆ ಮಲಗುತ್ತದೆ. ಆದರೆ ಹಾಗೆ ಒಟ್ಟಿಗೆ ಮಲಗಿದ ಸರಗಳ ಒಡೆಯರಿಗೆ ಒಬ್ಬರದು ಇನ್ನೊಬ್ಬರಿಗೆ ಏನಾದರೊಂದು ಅಂಟಿಕೊಳ್ಳುತ್ತದೆ. ಏನು ಅಂಟುತ್ತದೆಂದು ಮೊದಲೇ ಹೇಳಲಾಗುವುದಿಲ್ಲ. ಸರ ಮನೆಗೆ ಬಂದ ಮೇಲೆ ಒಂದಷ್ಟು ಕಾಲ ಇರುತ್ತದೆ, ಆಮೇಲೆ ನಿಧಾನಕ್ಕೆ ಮಾಸುತ್ತದೆ. ಕೆಲವು ಮಾತ್ರ ಉಳಿದೇಬಿಡುತ್ತವೆ.

ಇದಕ್ಕೆ ಹೊಂದಿಕೊಂಡೇ ನಾವೆಲ್ಲ ಬಾಳುತ್ತಿದ್ದೇವೆ. ತೇವದ ತಿಂಗಳು ಕಳೆದ ಮೇಲೆ ಎದುರು ಸಿಕ್ಕವರು "ಚೆನ್ನಾಗಿದ್ದೀರಾ?" ಎನ್ನುವುದಿಲ್ಲ, "ಈ ಸಲ ಯಾರ ಜೊತೆ?" ಎನ್ನುತ್ತಾರೆ. ಮದುವೆ ಮಾಡಿಸುವ ಶಾಮಣ್ಣನವರ ಪಕ್ಕ ಇದ್ದ ವರ್ಷ ನಮ್ಮ ಕರೀಂ ಡಾಕ್ಟರು ಜ್ವರವೆಂದು ಹೋದವರ ನಾಡಿ ಹಿಡಿಯುವ ಮೊದಲು ಗೋತ್ರ ಕೇಳುತ್ತಿದ್ದರು. ರೋಗಿಗಳೂ ಬೇಸರಿಸದೆ ಗೋತ್ರ ಹೇಳಿ, ಇರಲಿ ಎಂದು ನಕ್ಷತ್ರವನ್ನೂ ಸೇರಿಸಿ, ಆಮೇಲೆ ನಾಲಿಗೆ ಚಾಚುತ್ತಿದ್ದರು. ಹೋದ ವರ್ಷ ದರ್ಜಿ ಮಾದಪ್ಪ ಕತ್ತರಿ ಹಾಕುವ ಮುಂಚೆ ಪ್ರತಿ ಬಟ್ಟೆಗೂ ಧಬ್ ಧಬ್ ಎಂದು ಮುಷ್ಟಿಯಲ್ಲಿ ಗುದ್ದುತ್ತಿದ್ದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. "ಖಾನೆ ಗುಣ, ಹೋಗತ್ತೆ ಬಿಡಿ" ಎಂದು ಜನ ಗುದ್ದಿಸಿಕೊಂಡ ರವಿಕೆಗಳನ್ನೇ ತೊಟ್ಟುಕೊಂಡು ಓಡಾಡಿದರು.

ನನ್ನ ಸರ ತಾವರೆ ಬೀಜದ್ದು, ಅಜ್ಜಿ ಕೊಟ್ಟದ್ದು. ಅದರ ಪಕ್ಕ ಮಲಗಿದವರು ಹೇಗಿದ್ದರೋ ಹಾಗೇ ಎದ್ದು ಬರುತ್ತಾರೆಂದು ಊರಲ್ಲಿ ಹೆಸರಾಗಿದೆ. ಸರದ ಮನೆ ನೋಡಿಕೊಳ್ಳುವ ತುಂಗಕ್ಕ ನನ್ನ ಖಾನೆಗೆ 'ಸಾದಾ ಖಾನೆ' ಎಂದೇ ಹೆಸರಿಟ್ಟಿದ್ದಾರೆ. ಏನೂ ಅಂಟುವುದು ಬೇಡ ಎನ್ನುವವರಿಗೆ ಅದನ್ನು ಕೊಡುತ್ತಾರೆ. ಊರ ಗಡಿಯಾರಕ್ಕೆ ಕೀಲಿ ಕೊಡುವ ಅಚ್ಯುತಯ್ಯ ಒಂದು ವರ್ಷ ಬಂದರು. ಗೋತ್ರದ ಗಲಾಟೆಯಾದ ಮರುವರ್ಷ ಡಾಕ್ಟರು ಬಂದರು. ಹೋದ ವರ್ಷ ಅಂಚೆ ಮಾಸ್ತರು. ಮೂವರೂ ತಿಂಗಳು ಮುಗಿದ ಮೇಲೆ ದಾರಿಯಲ್ಲಿ ನನ್ನನ್ನು ನಿಲ್ಲಿಸಿ, "ಏನೂ ಆಗಲಿಲ್ಲಮ್ಮ, ಬಹಳ ಉಪಕಾರವಾಯಿತು" ಎಂದು ಕೈ ಮುಗಿದರು. ನಾನೂ ಮುಗಿದೆ. ನನಗೆ ಮಾತ್ರ ಎಲ್ಲರದೂ ಅಂಟಿತ್ತು. ಅಚ್ಯುತಯ್ಯನವರಿಂದ ಗಂಟೆ ಹೊಡೆದಾಗಲೆಲ್ಲ ಎದ್ದು ನಿಲ್ಲುವ ಅಭ್ಯಾಸ ಬಂತು. ಡಾಕ್ಟರಿಂದ ಕೈಬರಹ ಬಂತು. ಆ ಕಾಲದ ಡೈರಿಯನ್ನು ಈಗ ನನಗೇ ಓದಲಾಗುವುದಿಲ್ಲ, ಔಷಧಿ ಅಂಗಡಿಗೆ ಒಯ್ಯಬೇಕು. ಹೋದ ವರ್ಷವಂತೂ ಒಂದು ಸೀನು ಬಂತು. ನಾನು ಸೀನಿದರೆ ಹಿತ್ತಲಿನ ಕಾಗೆಗಳು ಎದ್ದು ಹಾರುತ್ತಿದ್ದವು. "ಆ ಬಡಕಲು ಮಾಸ್ತರು ಇಷ್ಟು ಜೋರಾಗಿ ಸೀನ್ತಾರೆ ಅಂತ ಯಾರಿಗೆ ಗೊತ್ತಿತ್ತು!" ಎಂದು ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು. ಅದು ಇನ್ನೂ ಹೋಗಿಲ್ಲ. ಎಲ್ಲರಿಂದಲೂ ಪಡೆಯುವ ನಾನು ಯಾರಿಗೂ ಒಂದು ಸೀನನ್ನೂ ಕೊಡಲಾರದವಳು. ಅಂದರೆ ನನ್ನೊಳಗೆ ಕೊಡುವಂಥದು ಏನೂ ಇಲ್ಲವೆಂದೇ?

ಈ ಸಲ ಸರ ತೊಳೆಯುವ ಕೆಲಸಕ್ಕೆ ನಾನೇ ಹೋದೆ. ಬಿ.ಎ. ಮುಗಿಸಿ ಮನೆಯಲ್ಲಿದ್ದೇನೆ. "ಮೂಲೇಲಿ ಕೂತು ಅದೇನು ಬರೀತಾಳೋ, ಅಲ್ಲಿಗಾದರೂ ಹೋಗಿ ನಾಲ್ಕು ಜನರ ಮುಖ ನೋಡಲಿ" ಎಂದು ಅಮ್ಮ ಕಳಿಸಿದಳು. ಮುಖ ನೋಡುವ ಪ್ರಮೇಯವೇ ಬರಲಿಲ್ಲ. ಹಿಂದಿನ ಜಗಲಿಯಲ್ಲಿ ಕತ್ತು ಬಗ್ಗಿಸಿ ಕೂತು ಮಣಿಗಳನ್ನು ನೋಡುವ ಕೆಲಸ. ನನಗೆ ಹೇಳಿ ಮಾಡಿಸಿದ್ದು. ಸ್ಫಟಿಕದ ಸರಗಳನ್ನು ಅಂಟುವಾಳದ ನೊರೆಯಲ್ಲಿ ಧಾರಾಳವಾಗಿ ಅದ್ದಬಹುದು. ರುದ್ರಾಕ್ಷಿಯಾದರೆ ಗೀರುಗಳೊಳಗೆ ಕೂತ ವಿಭೂತಿಯನ್ನು ಮೆತ್ತನೆಯ ಬ್ರಷ್ಷಿನಿಂದ ಎಬ್ಬಿಸಿ, ನೆರಳಲ್ಲಿ ಆರಿಸಿ, ಎಳ್ಳೆಣ್ಣೆಯ ಬೆರಳು ಸವರಬೇಕು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ತುಳಸಿ ಮಣಿಗೆ ನೀರು ಆಗದು, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒಂದೊಂದನ್ನೇ ಮಗುವಿನ ಕಿವಿ ಒರೆಸಿದಂತೆ ಒರೆಸಬೇಕು. ಡಾಕ್ಟರ ತಸ್ಬಿಯ ಖರ್ಜೂರದ ಬೀಜಗಳಿಗೂ ಹಾಗೆಯೇ. ಗಂಧದ ಮಣಿಗಳಿಗೆ ಒಣ ಬಟ್ಟೆ ಬಿಟ್ಟರೆ ಇನ್ನೇನೂ ಬೇಡ. ಎಲ್ಲ ಮುಗಿದ ಮೇಲೆ ಹತ್ತಿಬಟ್ಟೆಯ ಚೀಲದೊಳಗೆ ಒಣಗಿದ ಬೇವಿನೆಲೆಯನ್ನು ಪುಡಿ ಮಾಡಿ ಹಾಕಿ ಸರವನ್ನು ಮಲಗಿಸುವುದು.

ಮಣಿಗಳು ಮಾತಾಡುವುದಿಲ್ಲ, ಆದರೆ ನೋಡುತ್ತ ಕೂತರೆ ಎಷ್ಟೋ ಕಾಣುತ್ತದೆ. ಸರದ ಮೊದಲ ಹಿಡಿಯಷ್ಟು ಮಣಿಗಳು ಮಾತ್ರ ನುಣುಪಾಗಿ, ಉಳಿದವು ಒರಟಾಗಿದ್ದರೆ ಆ ಮನೆಯಲ್ಲಿ ಜಪಕ್ಕೆ ಕೂತ ಕೂಡಲೇ ಹಾಲು ಉಕ್ಕುತ್ತದೆಂದು ಅರ್ಥ. ಒಂದು ಸರದ ಮೇರುಮಣಿಗೆ ನಶ್ಯ ಹತ್ತಿತ್ತು. ಇನ್ನೊಂದರ ದಾರದಲ್ಲಿ ಒಂದು ಎಳೆ ಮಕ್ಕಳ ಉಲನ್ ಟೊಪ್ಪಿಯದು. ಅಜ್ಜಿಯೊಬ್ಬರು ಹೆಣಿಗೆಯನ್ನೂ ಜಪವನ್ನೂ ಒಂದೇ ಮಡಿಲಲ್ಲಿಟ್ಟುಕೊಂಡಿದ್ದಾರೆ. ಇಂಥವನ್ನೇ ನಾನು ಸಂಜೆ ಮನೆಗೆ ಹೋಗಿ ಡೈರಿಯಲ್ಲಿ ಬರೆಯುವುದು. ಬೇರೆ ಏನು ಬರೆಯಲಿ? ನನಗೆ ಏನೂ ಆಗುವುದಿಲ್ಲವಲ್ಲ.

ತುಂಗಕ್ಕನಿಗೆ ಸರಗಳ ಮೇಲಿರುವ ಅಕ್ಕರೆ ಕನ್ನಡಕದ ಮೇಲಿಲ್ಲ. ಎಲ್ಲೋ ಇಟ್ಟು ಮರೆಯುವುದು, ಅದನ್ನು ಹುಡುಕಲು ಕನ್ನಡಕ ಬೇಕು ಎನ್ನುವುದು, ಕೊನೆಗೆ ಅದಿಲ್ಲದೆಯೇ ಸರಗಳನ್ನು ಜೋಡಿಸಿ ಖಾನೆ ಮುಚ್ಚುವುದು. ಸರ ಒಪ್ಪಿಸುವ ಕೊನೆಯ ದಿನ ಅವರು ಹಾಗೆ ಹುಡುಕುತ್ತಿದ್ದಾಗಲೇ ಅಮ್ಮ ಕೊಬ್ಬರಿ ಮಿಠಾಯಿಯ ಡಬ್ಬಿ ಹಿಡಿದು ಬಂದಳು.

"ತುಂಗಕ್ಕ, ಒಂದು ಮಾತು. ಈ ಸಲ ಇವಳ ಸರಾನ ಸ್ವಲ್ಪ ಬಾಯಿರೋರ ಪಕ್ಕ ಇಡಿ. ನಮ್ಮ ಕಾತ್ಯಾಯಿನಿ ಮೇಡಂ ಪಕ್ಕ ಆದ್ರೆ ಇನ್ನೂ ಒಳ್ಳೇದು. ಅವರ ಸ್ಕೂಲಲ್ಲಿ ಇತಿಹಾಸದ ಟೀಚರ್ ಕೆಲಸ ಖಾಲಿ ಇದೆ. ಇವಳೂ ಅರ್ಜಿ ಹಾಕಿದ್ದಾಳೆ. ತೇವದ ತಿಂಗಳು ಕಳೀತಿದ್ದ ಹಾಗೇ ಇಂಟರ್‌ವ್ಯೂ."

"ಮೇಡಂ ಮುಂದೆ ಬಾಯಿ ಬಿಡೋಕೆ ಮೇಡಂದೇ ಬಾಯಿ ಬೇಕು ಅಂತೀಯ ಜಲಜಾ."

"ಮತ್ತೆ? ಹೋದ ಸಲ ಇನ್ನೊಂದು ಕಡೆ ಇಂಟರ್‌ವ್ಯೂನಲ್ಲಿ ಹೆಸರು ಕೇಳಿದ್ರೆ ಮಾರ್ಕ್ಸ್ ಕಾರ್ಡ್ ತೋರಿಸಿ ಬಂದಳು, ಮಹಾರಾಯಿತಿ."

ನಿಜ. ಹೆಸರು ಅದರಲ್ಲಿತ್ತು.

"ಅಂಟೋದು ಬಾಯೇ ಆಗ್ಬೇಕು ಅಂತ ಏನಿದೆ? ಮೇಡಂದು ಮಂಡಿನೋವೂ ಅಂಟಬಹುದು," ಎಂದರು ತುಂಗಕ್ಕ ಮಿಠಾಯಿ ಮುರಿಯುತ್ತ. "ಆದ್ರೆ ನಿನ್ನ ಅದೃಷ್ಟ ನೋಡು. ಮೇಡಂ ತಾವೇ ಹೇಳಿ ಕಳಿಸಿದ್ದಾರೆ, ಈ ಸಲ ತಮಗೆ ಸಾದಾ ಖಾನೆ ಕೊಡಬೇಕು ಅಂತ. ಸಂಜೆ ಬರ್ತಾರೆ."

ಅಮ್ಮ ಕಪಾಟಿಗೆ ಕೈ ಮುಗಿದಳು. ಆಮೇಲೆ ಹಿಂಬಾಗಿಲಿಗೆ ಬಂದು ನನ್ನ ಕೆನ್ನೆ ಹಿಂಡಿ, "ನೋಡಿದ್ಯಾ ಸುನೇತ್ರಾ, ನಿನ್ನ ಸಪ್ಪೆತನಾನೂ ಒಂದು ಉಪಯೋಗಕ್ಕೆ ಬಂತು" ಎಂದಳು. ಪ್ರೀತಿಯಿಂದಲೇ ಅಂದದ್ದು. ನಾನು ಬೇವಿನೆಲೆಯನ್ನು ಇನ್ನಷ್ಟು ಜೋರಾಗಿ ತಿಕ್ಕಿದೆ. ಪುಡಿ ಮೂಗಿಗೆ ಏರಿತು. ಅಮ್ಮ ಒಳಗೆ ಹೋಗಿ ತುಂಗಕ್ಕನ ಜೊತೆ ಕನ್ನಡಕ ಹುಡುಕಲು ಸೇರಿಕೊಂಡಳು. ತಡೆದು ತಡೆದು ಆಗದೆ ನಾನು ಸೀನಿದೆ.

"ಏಯ್!" ಎಂದು ಹೊಳೆಯ ಮೆಟ್ಟಿಲ ಕಡೆಯಿಂದ ಕೂಗು ಬಂತು. "ಅದು ನನ್ನ ಸೀನು!"

ನಾಗವೇಣಮ್ಮ. ದೋಣಿಕಟ್ಟೆಯಲ್ಲಿ ನಿಂತು ದೋಣಿ ಬಂತು, ದೋಣಿ ಹೊರಟಿತು ಎಂದು ಕೂಗುವವರು. ಅವರು ಕೂಗಿದರೆ ಆಚೆ ದಡದ ಎಮ್ಮೆಗಳೂ ತಲೆ ಎತ್ತುತ್ತವೆ. ತಮ್ಮ ತುಳಸಿ ಸರವನ್ನು ಕೈಗೆ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದವರು ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ನಿಂತರು.

"ಆ ಕೊನೇಲಿ 'ಹೂಯ್' ಅಂತ ಎಳೀತೀಯಲ್ಲ, ಅದು ನಮ್ಮಪ್ಪಂದು ಕಣೇ. ಅವರಿಂದ ನನಗೆ ಬಂದಿದ್ದು. ಊರಲ್ಲಿ ಇನ್ನೊಬ್ಬರಿಗಿಲ್ಲ. ನಿನಗೆಲ್ಲಿಂದ ಬಂತು?"

"ಅಂಚೆ ಮಾಸ್ತರು..." ಎಂದೆ.

"ಮಾಸ್ತರಾ? ಅವರು ಸೀನೋದು ಇಲಿ ಕೆಮ್ಮಿದ ಹಾಗಿರತ್ತೆ." ಜಗಲಿಯ ಅಂಚಿಗೆ ಧೊಪ್ಪನೆ ಕೂತರು. "ತಾಳು, ತಾಳು. ಹೋದ ವರ್ಷ ನನ್ನನ್ನ ದರ್ಜಿ ಮಾದಪ್ಪನ ಪಕ್ಕ ಇಟ್ಟೆ ಅಂದಿದ್ದರು ತುಂಗಕ್ಕ. ನಾನೂ ಕಾದೆ ಕಾದೆ, ಈಗ ಯಾರದ್ದಾದರೂ ಅಳತೆ ತಗೋತೀನಿ, ಆಗ ತಗೋತೀನಿ ಅಂತ. ಒಂದು ಗುಂಡಿ ಹೊಲಿಯೋಕೂ ಮನಸ್ಸು ಬರಲಿಲ್ಲ. ಆ ಮಾದಪ್ಪ ನೋಡಿದ್ರೆ ನನ್ನ ಹಾಗೆ ಕೂಗೋದು ಬಿಟ್ಟು, ಬಟ್ಟೆ ಮೇಲೆ ಅದೇನೋ ಧಬ್ ಧಬ್..."

"ಮುದ್ರೆ," ಎಂದೆ. ಬಾಯಿಂದ ತಾನಾಗಿ ಬಂತು. ಅಂಚೆ ಕಚೇರಿಯ ಮುದ್ರೆ. ಮಾಸ್ತರ ಸರವೂ ತುಳಸಿಯದೇ, ಅಷ್ಟೇ ಉದ್ದ, ಅಂಥದೇ ಕೆಂಪು ಗೊಂಡೆ. ಕನ್ನಡಕವಿಲ್ಲದ ತುಂಗಕ್ಕನ ಕೈಗೆ ಎರಡೂ ಒಂದೇ. ಮಾದಪ್ಪನ ಪಕ್ಕ ಮಲಗಿದ್ದು ಮಾಸ್ತರ ಸರ, ನನ್ನ ಪಕ್ಕ ನಾಗವೇಣಮ್ಮನವರದು.

ನಾಗವೇಣಮ್ಮ ಬಾಯಿ ತೆರೆದು ನನ್ನನ್ನೇ ನೋಡಿದರು. ನಾನು ಅವರ ಕೈ ನೋಡಿದೆ. ಅದು ಸೆರಗಿನ ತುದಿಯನ್ನು ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಬತ್ತಿ ಹೊಸೆದಂತೆ ಹೊಸೆಯುತ್ತಿತ್ತು. ಹೊಸೆಯುವುದು, ಬಿಚ್ಚುವುದು, ಮತ್ತೆ ಹೊಸೆಯುವುದು. ನನ್ನ ಮಡಿಲಲ್ಲಿ ನನ್ನ ದುಪಟ್ಟಾದ ತುದಿಯೂ ಬತ್ತಿಯಾಗಿತ್ತು. ನನ್ನ ದುಪಟ್ಟಾಗಳೆಲ್ಲ ಹಾಗೆಯೇ. ಇಸ್ತ್ರಿ ಹಾಕಿದರೂ ಹೋಗುವುದಿಲ್ಲ.

"ಓಹೋ," ಎಂದರು ಅವರು, ತಮ್ಮ ಸೆರಗನ್ನೂ ನನ್ನ ದುಪಟ್ಟಾವನ್ನೂ ಸರದಿಯಾಗಿ ನೋಡಿ. "ನೀನಾ! ವರ್ಷದಿಂದ ನನ್ನ ಸೀರೆಗಳನ್ನೆಲ್ಲ ಕುಲಗೆಡಿಸಿದೋಳು ನೀನಾ?"

ಅವರು ಗಹಗಹಿಸಿ ನಕ್ಕು ನನ್ನ ಬೆನ್ನಿಗೆ ಗುದ್ದಿದರು. ಆಮೇಲೆ ದನಿ ತಗ್ಗಿಸಿದರು. ನಾಗವೇಣಮ್ಮನವರ ತಗ್ಗಿದ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಹೊಸ ಪಾತ್ರೆಯ ಹಾಗೆ ಬಳಸಿ ಅಭ್ಯಾಸವಿಲ್ಲದೆ ಅಲ್ಲಲ್ಲಿ ತಗುಲುತ್ತಿತ್ತು.

"ಕೂಗೋಕೆ ಮುಂಚೆ ಒಂದು ಗಳಿಗೆ ಸುಮ್ಮನಾಗ್ತಿದ್ದೆ ಕಣೇ. ಯಾಕೆ ಅಂತ ಗೊತ್ತಿಲ್ಲ. ಸುಮ್ಮನಾಗಿ, ಸೆರಗು ಹೊಸೀತಾ ನೋಡ್ತಾ ನಿಂತುಬಿಡ್ತಿದ್ದೆ. ಆ ಒಂದು ಗಳಿಗೇಲಿ ಏನೇನು ಕಾಣತ್ತೆ ಅಂತೀಯ! ಮನೇಲೂ ಅಷ್ಟೇ. ಒಂದಿನ ದೋಸೆ ಹಾಕ್ತಾ ಸುಮ್ಮನೆ ನೋಡ್ತಿದ್ದೆ. ನಮ್ಮನೆಯವರು ತಟ್ಟೆಯಿಂದ ಸೀದ ದೋಸೆಗಳನ್ನ ಹುಡುಕಿ ಹುಡುಕಿ ತಮಗೆ ಹಾಕ್ಕೊಂಡು, ಚೆನ್ನಾಗಿರೋದನ್ನ ಕೆಳಗೆ ತಳ್ಳಿ ಇಡ್ತಾ ಇದ್ದರು. ನನಗೆ. ಮದುವೆ ಆದಾಗಿಂದ ಹಾಗೇ ಮಾಡಿದ್ದಾರಂತೆ. ಕೇಳಿದ್ರೆ, 'ನೀನು ಯಾವತ್ತು ನೋಡಿದ್ದೆ? ಮಾತಾಡ್ತಾ ಇರ್ತಿದ್ದೆ' ಅಂದ್ರು. ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ ಹೇಳು? ನನ್ನ ಕೈಯಲ್ಲಿ ದೋಸೆ ಸೀಯೋದೇ ಇಲ್ಲ ಅಂತ!"

ಅವರು ನಕ್ಕರು, ಅದೇ ಸೆರಗಿನ ಬತ್ತಿಯಿಂದ ಕಣ್ಣೊರೆಸಿಕೊಂಡರು. "ಈಗ ಮಾಸ್ತಾ ಇದೆ ಕಣೇ ಅದು. ಹೋದ ವಾರ ಸೀದ ದೋಸೆ ಅವರ ತಟ್ಟೆಗೆ ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ, ಆಮೇಲೆ ಹೊಳೀತು. ಈ ಸಲಾನೂ ನನ್ನನ್ನ ನಿನ್ನ ಪಕ್ಕಾನೇ ಇಡಿಸೇ. ತುಂಗಕ್ಕನಿಗೆ ನೀನೇ ಹೇಳು."

ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಸ್ಪಷ್ಟವಿರಲಿಲ್ಲ. ಎದೆಯೊಳಗೆ ಏನೋ ಹಾರಾಡುತ್ತಿತ್ತು, ಸೀನಿಗೆ ಎದ್ದ ಕಾಗೆಗಳ ಹಾಗೆ. ಡಾಕ್ಟರ ನೆನಪಾಯಿತು. "ಈಚೆಗೆ ಆ ಡಾಕ್ಟರು ನಾವು ಹೇಳಿ ಮುಗಿಸಿದ ಮೇಲೂ ಸುಮ್ಮನೆ ನೋಡ್ತಾ ಕೂತಿರ್ತಾರೆ, ಮುಜುಗರಕ್ಕೆ ಇದ್ದಬದ್ದ ಕಾಯಿಲೆಯೆಲ್ಲ ಹೇಳಿಬಿಡ್ತೀನಿ" ಎಂದು ಅಮ್ಮ ಗೊಣಗುವುದು ನೆನಪಾಯಿತು. ಅಚ್ಯುತಯ್ಯ ಕೀಲಿ ಕೊಟ್ಟಾದ ಮೇಲೂ ಗಡಿಯಾರದ ಗೋಪುರದಿಂದ ಇಳಿಯದೆ ಪಾರಿವಾಳ ನೋಡುತ್ತಾರೆಂದು ಅವರ ಹೆಂಡತಿ ಊರಿಗೆಲ್ಲ ದೂರು ಹೇಳಿದ್ದು ನೆನಪಾಯಿತು. ಅಂಟಿತ್ತು. ಎಲ್ಲರಿಗೂ ಅಂಟಿತ್ತು. ಅದು ಹೊರಗೆ ನೋಡುವ ಗುಣವಾದ್ದರಿಂದ ಬಂದವರು ತಮ್ಮೊಳಗೆ ಏನು ಬಂತೆಂದು ನೋಡ ಹೋಗಿರಲಿಲ್ಲ, ಅಷ್ಟೆ.

ಅಷ್ಟರಲ್ಲಿ ಮುಂಬಾಗಿಲಲ್ಲಿ ಕೊಡೆ ಮಡಿಚಿದ ಸದ್ದಾಯಿತು. "ತುಂಗಕ್ಕ, ಇದ್ದೀರಾ?" ಕಾತ್ಯಾಯಿನಿ ಮೇಡಂ ಕೇಳಿದರೆ ಇಲ್ಲದವರೂ ಇದ್ದೇನೆ ಎನ್ನಬೇಕು, ಅಂಥ ದನಿ. ಅಮ್ಮ ಓಡಿಬಂದು ನನ್ನ ಕೈ ಹಿಡಿದು ಒಳಗೆ ಎಳೆದೊಯ್ದಳು. ನಾಗವೇಣಮ್ಮ ನಮ್ಮ ಹಿಂದೆಯೇ ಬಂದು ಹೊಸಿಲಲ್ಲಿ ನಿಂತರು.

ಮೇಡಂ ತಮ್ಮ ಸ್ಫಟಿಕದ ಸರವನ್ನು ಕರವಸ್ತ್ರದಿಂದ ಬಿಡಿಸಿ ಮೇಜಿನ ಮೇಲಿಟ್ಟರು. "ನೋಡಿ, ನನಗೆ ಸಾದಾ ಖಾನೆ ಆಗ್ಬೇಕು. ಹೋದ ಸಲ ಮಿಠಾಯಿ ಅಂಗಡಿಯವರ ಪಕ್ಕ ಇಟ್ಟಿರಿ. ಪರೀಕ್ಷೆ ಪೇಪರ್ ತಿದ್ದೋವಾಗ ಪ್ರತಿ ಹುಡುಗಿಗೂ ಕೊಸರು ಹಾಕಿದ್ದೀನಿ, ಕೊಸರು! ನಲವತ್ತಕ್ಕೆ ನಲವತ್ತೈದು. ಈ ಸಲ ಹೊಸ ಟೀಚರನ್ನ ಆರಿಸಬೇಕು. ಆರಿಸುವಾಗ ಈ ತಲೆ ನನ್ನದೇ ಆಗಿರಬೇಕು, ಬೇರೆಯವರದ್ದು ಒಂದು ಚೂರೂ ಬೇಡ."

"ಅದಕ್ಕೇನು ಮೇಡಂ," ಎಂದರು ತುಂಗಕ್ಕ. "ಸುನೇತ್ರನ ಪಕ್ಕ ಇಟ್ಟುಬಿಡ್ತೀನಿ. ಬೇಕಾದ್ರೆ ಬರೆದು ಕೊಡ್ತೀನಿ. ಅಲ್ಲಿಟ್ಟ ಸರ ಗೋಡೆ ಪಕ್ಕ ಇಟ್ಟ ಹಾಗೆ."

"ಇವಳೇನಾ?" ಮೇಡಂ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀನೂ ಅರ್ಜಿ ಹಾಕಿದ್ದೀಯಲ್ವಾ?"

"ಹಾಕಿದ್ದಾಳೆ ಮೇಡಂ," ಎಂದಳು ಅಮ್ಮ.

ನಾಗವೇಣಮ್ಮ ಹೊಸಿಲಲ್ಲೇ ನಿಂತಿದ್ದರು. ಒಂದು ಕೂಗು ಹಾಕಿದ್ದರೆ ಸಾಕಿತ್ತು, ಕಪಾಟಿನ ಖಾನೆಗಳೆಲ್ಲ ತಾವಾಗಿ ತೆರೆದುಕೊಳ್ಳುತ್ತಿದ್ದವು. ಅವರು ಕೂಗಲಿಲ್ಲ. ತುಳಸಿ ಸರವನ್ನು ಎದೆಗೆ ಒತ್ತಿಕೊಂಡು, ಸೆರಗು ಹೊಸೆಯುತ್ತ, ನನ್ನನ್ನೇ ನೋಡುತ್ತ ನಿಂತರು. ಅದು ನನ್ನದೇ ನಿಲುವು. ನನ್ನನ್ನು ಯಾರೋ ಹಾಗೆ ನೋಡುವುದು ಹೇಗಿರುತ್ತದೆಂದು ಆವರೆಗೆ ನನಗೆ ಗೊತ್ತಿರಲಿಲ್ಲ.

ತುಂಗಕ್ಕ ನನ್ನ ಖಾನೆಯನ್ನು ಎಳೆದರು. ಬೇವಿನ ವಾಸನೆ ಬಂತು. ತಾವರೆ ಬೀಜದ ಸರ ಒಂದು ಬದಿಯ ಗುಳಿಯಲ್ಲಿ ಸುರುಳಿಯಾಗಿ ಮಲಗಿತ್ತು, ಇನ್ನೊಂದು ಬದಿ ಖಾಲಿ. ಮೇಡಂ ಸ್ಫಟಿಕದ ಸರ ಎತ್ತಿಕೊಂಡರು. ನಾನು ಸುಮ್ಮನಿದ್ದರೆ ಮೇಡಂಗೆ ನೆಮ್ಮದಿ, ತುಂಗಕ್ಕನ ಮಾತಿಗೆ ಬೆಲೆ, ಅಮ್ಮನ ಮಿಠಾಯಿಗೆ ಫಲ, ನನಗೆ ಕೆಲಸವೂ ಸಿಗಬಹುದು. ಎಷ್ಟು ಸುಲಭ! ಸುಮ್ಮನಿರುವುದೊಂದೇ ತಾನೇ ನನಗೆ ಚೆನ್ನಾಗಿ ಬರುವ ವಿದ್ಯೆ. ನನ್ನ ತುಟಿ ಅಲುಗಿದ್ದನ್ನು ಅಮ್ಮ ಹೇಗೆ ಕಂಡಳೋ, ಹುಟ್ಟಿದಂದಿನಿಂದ "ಬಾಯಿ ಬಿಡೇ, ಬಾಯಿ ಬಿಡೇ" ಎನ್ನುತ್ತಿದ್ದವಳು ಮೊದಲ ಸಲ ನನ್ನ ತೋಳು ಚಿವುಟಿ, "ಸುಮ್ಮನಿರೇ" ಎಂದು ಪಿಸುಗುಟ್ಟಿದಳು.

ನಾನು ಒಂದು ಗಳಿಗೆ ಸುಮ್ಮನಿದ್ದೆ. ಆ ಗಳಿಗೆಯಲ್ಲಿ ಮೇಡಂ ಬೆರಳ ಮೇಲೆ ಸೀಮೆಸುಣ್ಣದ ಪುಡಿ ಕಂಡಿತು, ಅಮ್ಮನ ಹಣೆಯ ಮೇಲೆ ಬೆವರು ಕಂಡಿತು, ತುಂಗಕ್ಕನ ಕನ್ನಡಕ ಅವರ ತುರುಬಿನಲ್ಲೇ ಸಿಕ್ಕಿಕೊಂಡಿದ್ದು ಕಂಡಿತು. ದುಪಟ್ಟಾದ ತುದಿಯನ್ನು ಬಿಟ್ಟೆ.

"ಮೇಡಂ, ಅದು ಸಾದಾ ಖಾನೆ ಅಲ್ಲ," ಎಂದೆ. "ನನ್ನ ಪಕ್ಕ ಇಟ್ಟರೆ ನಿಮಗೂ ಅಂಟತ್ತೆ."